ಜೊತೆಗೆ ಹೋದವಳು

ನಮ್ಮ ಮನೆಯಲ್ಲಿ ಯಾರೂ ಎಲ್ಲಿಗೂ ಒಬ್ಬರೇ ಹೋಗುತ್ತಿರಲಿಲ್ಲ. ಅಮ್ಮ ಕಣ್ಣು ತೋರಿಸಲು ಹೋದರೆ ಅಪ್ಪ ಕೆಲಸ ಬಿಟ್ಟು ಜೊತೆಗೆ ಹೋಗುತ್ತಿದ್ದರು. ಅಪ್ಪ ಕೂದಲು ಕತ್ತರಿಸಿಕೊಳ್ಳಲು ಹೋದರೆ ಪಕ್ಕದ ಕುರ್ಚಿಯಲ್ಲಿ ನಾನೋ ಅಕ್ಕನೋ ಕಾಲಾಡಿಸುತ್ತ ಕೂತಿರಬೇಕು. ಏಳು ವರ್ಷದ ಅಕ್ಕನಿಗೆ ಚುಚ್ಚುಮದ್ದು ಕೊಡಿಸುವಾಗ ಅವಳಿಗೆ ಜೊತೆಯಾಗಲಿ ಎಂದು ಮೂರು ವರ್ಷದ ನನಗೂ ಒಂದು ಚುಚ್ಚಿಸಿದ್ದನ್ನು ಅಮ್ಮ ದೊಡ್ಡ ಉಪಕಾರದ ಹಾಗೆ ಹೇಳುತ್ತಿದ್ದಳು. "ಒಬ್ಬರಿದ್ರೆ ಭಯ, ಇಬ್ಬರಿದ್ರೆ ಮಾತು" ಎನ್ನುವುದು ಅವಳ ಗಾದೆ, ಅವಳೇ ಕಟ್ಟಿದ್ದು. ನನ್ನ ಅಕ್ಕನ ಬದುಕು ಕೆಟ್ಟದ್ದು ಈ ಗಾದೆಯಿಂದ ಎಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಗಾದೆಯ ಮೇಲೆ ತಪ್ಪು ಹೊರಿಸಿದರೆ ಅದು ತಿರುಗಿ ಮಾತನಾಡುವುದಿಲ್ಲವಲ್ಲ, ಅದಕ್ಕೆ.

ಅಪ್ಪ ಹಲ್ಲು ಮಾಡುವವರು. ಹಲ್ಲಿನ ಡಾಕ್ಟರಲ್ಲ, ಡಾಕ್ಟರುಗಳಿಗೆ ಕಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡು ಉದ್ದನೆಯ ಬೆಂಚು, ಅದರ ಮೇಲೆ ಗುಲಾಬಿ ಮೇಣದ ಹಾಳೆಗಳು, ಸ್ಪಿರಿಟ್ ದೀಪ, ಸಾಲಾಗಿ ಅರಗಳು, ಪಾಲಿಶ್ ಮಾಡುವ ಮೋಟಾರು. ಡಾಕ್ಟರುಗಳಿಂದ ರಟ್ಟಿನ ಡಬ್ಬಿಗಳಲ್ಲಿ ಬಾಯಿಯ ಅಚ್ಚುಗಳು ಬರುತ್ತಿದ್ದವು. ಡಬ್ಬಿಯೊಳಗೆ ಒಂದು ಚೀಟಿ: ಹೆಂಗಸು, ಅರವತ್ತೆರಡು, ಹಲ್ಲಿನ ಬಣ್ಣಕ್ಕೆ ಶೇಡ್ ನಂಬರ್ ಇಷ್ಟು. ಹೆಸರಿಲ್ಲ, ಮುಖವಿಲ್ಲ. ಅಪ್ಪ ಅಚ್ಚಿಗೆ ಪ್ಲಾಸ್ಟರ್ ಎರೆದು, ಒಣಗಿಸಿ, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳೆಯುವ ಸೆಟ್ಟನ್ನು ಅದೇ ಡಬ್ಬಿಯಲ್ಲಿಟ್ಟು ವಾಪಸು ಕಳಿಸುವರು. "ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ. ಹಲ್ಲಿನ ಪಾಲು ನನಗೆ ಬಿಡಿ, ಕಡಲೆ ನೀವೇ ನೋಡ್ಕೊಳಿ" ಎಂದು ಬಂದವರನ್ನೆಲ್ಲ ನಗಿಸುವರು. ಸಾವಿರ ಸಲ ಹೇಳಿರಬಹುದು. ನಾವು ಸಾವಿರ ಸಲವೂ ನಗಬೇಕಿತ್ತು.

ಅಕ್ಕ ಹತ್ತು ವರ್ಷದಿಂದಲೇ ಆ ಬೆಂಚಿನಲ್ಲಿ ಕೂತವಳು. ಅವಳ ಕೈ ಅಪ್ಪನ ಕೈಗಿಂತ ಹಗುರ. ಪ್ಲಾಸ್ಟರಿನ ದವಡೆಗಳನ್ನು ಕೈಯಲ್ಲಿ ತಿರುಗಿಸುತ್ತ ಅವಳು ನನಗೆ ಮುಖಗಳನ್ನು ಹೇಳುತ್ತಿದ್ದಳು. "ಇವರು ಬರೀ ಎಡಗಡೆಯಲ್ಲೇ ಅಗೀತಿದ್ರು ನೋಡು, ಆ ಕಡೆ ವಸಡು ಸವೆದುಹೋಗಿದೆ. ಸಿಡುಕಿ ಇರಬೇಕು. ಈ ಅಜ್ಜನ ದವಡೆ ಎಷ್ಟು ಚಿಕ್ಕದು, ಪಾಪ, ಹೆಂಡತಿ ಮುಂದೆ ಬಾಯೇ ತೆಗೆದಿರಲ್ಲ." ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಒಂದು ದಿನ ಅವಳು ನಗದೆ ಹೇಳಿದಳು: "ನಾನು ಹಲ್ಲಿನ ಡಾಕ್ಟರ್ ಆಗಬೇಕು ಕಣೇ. ನಾವು ಮಾಡಿದ ಹಲ್ಲು ಹಾಕ್ಕೊಂಡು ಅವರು ಮೊದಲನೇ ಸಲ ಕನ್ನಡಿ ನೋಡ್ತಾರಲ್ಲ, ಆ ಮುಖ ನಾನು ನೋಡಬೇಕು. ಒಂದಾದ್ರೂ."

ಹಾಗೆಂದಾಗ ಅವಳಿಗೆ ಹದಿನೈದು. ಹದಿನೇಳಾಗುವಷ್ಟರಲ್ಲಿ ಅದೊಂದೇ ಅವಳ ತಲೆಯಲ್ಲಿ ಕೂತಿತ್ತು. ಆದರೆ ಅದಕ್ಕೆ ಕಾಲೇಜು ಪ್ರವೇಶ ಪರೀಕ್ಷೆ ದಾಟಬೇಕು. ನಮ್ಮ ಶಾಲೆಯಿಂದ ಆ ಪರೀಕ್ಷೆ ದಾಟಿದವರೆಲ್ಲ ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ತರಬೇತಿಗೆ ಹೋದವರೇ. ನಿವೃತ್ತರಾದ ನಾಲ್ಕು ಜನ ಮೇಷ್ಟ್ರುಗಳು ಪುಕ್ಕಟೆಯಾಗಿ ಪಾಠ ಹೇಳುತ್ತಿದ್ದರು. ಅಲ್ಲಿರುವುದು ನಲವತ್ತೇ ಕುರ್ಚಿ. ಆ ನಲವತ್ತು ಜನರನ್ನು ಆರಿಸಲು ಪ್ರತಿವರ್ಷ ಒಂದು ಅಣಕು ಪರೀಕ್ಷೆ ಇಡುತ್ತಿದ್ದರು. ನಿಜವಾದ ಪ್ರವೇಶ ಪರೀಕ್ಷೆಯಷ್ಟೇ ಉದ್ದ, ಅಷ್ಟೇ ಪ್ರಶ್ನೆ, ಉತ್ತರಕ್ಕೆ ಪೆನ್ಸಿಲಿನಲ್ಲಿ ಕಪ್ಪು ಮಾಡುವ ಅದೇ ಗೋಲಗಳು.

ಅಪ್ಪನ ಬಲಗೈ ಆ ವರ್ಷ ಸಣ್ಣಗೆ ನಡುಗಲು ಶುರುವಾಗಿತ್ತು. ಮೇಣದ ಮೇಲೆ ಹಲ್ಲು ಕೂರಿಸುವಾಗ ಎಡಗೈಯಿಂದ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಆ ನಲವತ್ತರಲ್ಲಿ ಬಂದ್ರೆ ಓದು. ನಾನು ಹೇಗೋ ಒಂದೆರಡು ವರ್ಷ ತಳ್ತೀನಿ. ಬರಲಿಲ್ಲ ಅಂದ್ರೆ ಶಾಲೆ ಮುಗಿಸಿ ಬೆಂಚಿಗೆ ಬಾ. ಆಮೇಲೆ ಅತ್ತೂ ಕರೆದೂ ಮಾಡಬಾರದು." ಅಕ್ಕ ಆಗಲಿ ಎಂದಳು. ಮಾತು ಅಂದರೆ ಮಾತು, ನಮ್ಮ ಮನೆಯಲ್ಲಿ.

ಅವಳಿಗೆ ಓದು ಬರುತ್ತಿರಲಿಲ್ಲ ಎಂದಲ್ಲ. ಎರಡು ವರ್ಷದಿಂದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಹಿಡಿದು ಅವಳಿಗೆ ಪ್ರಶ್ನೆ ಕೇಳುತ್ತಿದ್ದವಳು ನಾನೇ. ಒಬ್ಬಳೇ ಓದಿದರೆ ಅವಳಿಗೆ ನಿದ್ದೆ, ಹಾಗಾಗಿ ಓದಿಗೂ ನಾನು ಜೊತೆ. ಅವಳು ಎಲ್ಲಿ ಹೋದರೂ ಹಿಂದೆ ನಾನಿರುತ್ತಿದ್ದೆ, ಅದಕ್ಕೇ ಮನೆಯಲ್ಲಿ ನನ್ನ ಹೆಸರು ಬಾಲ. ಅವಳು ಬೆಂಚಿನಲ್ಲಿ ಸೆಟ್ಟು ಉಜ್ಜುತ್ತ ಕೂತರೆ ನಾನು ಕೆಳಗೆ ಪ್ಲಾಸ್ಟರ್ ಚೀಲಕ್ಕೆ ಒರಗಿ ಪ್ರಶ್ನೆ ಓದುವೆ. ಅವಳು ಉತ್ತರ ಹೇಳಿ, ಯಾಕೆ ಎಂದೂ ಹೇಳುವಳು. ನೂರಕ್ಕೆ ತೊಂಬತ್ತು ಸರಿ.

ತೊಂದರೆ ಇದ್ದದ್ದು ಕಾಗದದ ಮೇಲೆ. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠವೆಂದರೆ "ಒಂದೇ ಸಲಕ್ಕೆ ಸರಿ ಬಂದಿದ್ದನ್ನ ನಂಬಬೇಡ." ಮೇಲಿನ ಕೆಳಗಿನ ಸೆಟ್ಟುಗಳ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿ, ನೀಲಿ ಬಿದ್ದ ಕಡೆ ಒಂದು ಚೂರು ಉಜ್ಜಬೇಕು, ಮತ್ತೆ ಕಚ್ಚಿಸಬೇಕು, ಮತ್ತೆ ಉಜ್ಜಬೇಕು. ಹಲ್ಲಿಗೆ ಅದು ಸರಿ. ಅಕ್ಕ ಉತ್ತರಗಳಿಗೂ ಅದನ್ನೇ ಮಾಡುತ್ತಿದ್ದಳು. ಸರಿಯಾದ ಗೋಲ ಕಪ್ಪು ಮಾಡುವಳು, ಅನುಮಾನ ಬರುವುದು, ಅಳಿಸುವಳು, ಪಕ್ಕದ್ದು ಕಪ್ಪು ಮಾಡುವಳು. ಶಾಲೆಯ ಪರೀಕ್ಷೆಗಳಲ್ಲಿ ಅವಳ ಹಾಳೆ ಅಳಿಸಿ ಅಳಿಸಿ ತೂತು ಬೀಳುವಂತಾಗಿರುತ್ತಿತ್ತು.

ಇದಕ್ಕೆ ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆಯುವಾಗ ಅವಳು ರಬ್ಬರಿಗೆ ಕೈ ಹಾಕಿದಾಗಲೆಲ್ಲ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ನಾನು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಅವಳನ್ನೇ ನೋಡುತ್ತಿದ್ದೆ. ಅಷ್ಟಕ್ಕೆ ಅವಳ ಕೈ ನಿಲ್ಲುತ್ತಿತ್ತು. ಯಾವ ಪ್ರಶ್ನೆ, ಯಾವ ಉತ್ತರ ಎಂದು ನನಗೇನು ಗೊತ್ತು? ಆದರೂ ನನ್ನ ಮುಖ ನೋಡಿದರೆ ಅವಳಿಗೆ ತನ್ನ ಮೊದಲ ಉತ್ತರದ ಮೇಲೆ ನಂಬಿಕೆ ಬರುತ್ತಿತ್ತು. ರಬ್ಬರ್ ಕೆಳಗಿಟ್ಟು ಮುಂದೆ ಹೋಗುವಳು.

"ಅಲ್ಲೂ ಬಾಲ ಬಂದು ಕೂತ್ರೆ?" ಎಂದವಳು ಅಮ್ಮ. ತರಬೇತಿಯ ಫಾರಂನಲ್ಲಿ "ಹೈಸ್ಕೂಲಿನ ಯಾವುದೇ ತರಗತಿಯ ವಿದ್ಯಾರ್ಥಿಗಳು" ಎಂದು ಇತ್ತು. ನಾನು ಹೈಸ್ಕೂಲಿಗೆ ಸೇರಿ ಆಗಷ್ಟೇ ಎರಡು ತಿಂಗಳು. ಮೊದಲ ವರ್ಷದವರು ಯಾರೂ ಆ ಕಡೆ ತಲೆ ಹಾಕುವುದಿಲ್ಲ, ಹಾಕಿ ಮಾಡುವುದೇನು? ಆದರೆ ಬರಬಾರದು ಎಂದೂ ಎಲ್ಲೂ ಬರೆದಿರಲಿಲ್ಲ. ಎರಡು ಫಾರಂಗಳನ್ನು ಒಟ್ಟಿಗೆ ಕೊಟ್ಟರೆ ನಂಬರು ಒಟ್ಟಿಗೆ ಬರುತ್ತದೆ, ಕೂರುವ ಜಾಗವೂ ಅಕ್ಕಪಕ್ಕ ಬರುತ್ತದೆ ಎಂದು ಅಪ್ಪ ಲೆಕ್ಕ ಹಾಕಿದರು. ಅಕ್ಕನಿಗೆ ನೂರ ಹದಿನೇಳು, ನನಗೆ ನೂರ ಹದಿನೆಂಟು.

ಆ ದಿನ ಬೆಳಿಗ್ಗೆ ಅಮ್ಮ ನನ್ನ ಜಡೆ ಬಿಗಿಯುತ್ತ ಹೇಳಿದಳು: "ನೀನು ಬರೆಯೋಕೆ ಹೋಗ್ತಿಲ್ಲ, ಗೊತ್ತಾಯ್ತಾ? ಸುಮ್ನೆ ಗೋಲ ತುಂಬ್ಕೊಂಡು ಕೂತಿರು. ಅಕ್ಕ ನೋಡಿದಾಗ ನೀನು ಅವಳ ಕಡೆ ನೋಡ್ತಿರಬೇಕು. ಅಷ್ಟೇ ನಿನ್ನ ಕೆಲಸ."

ನಾನು ಹೂಂ ಎಂದೆ. ಇಷ್ಟು ಸುಲಭದ ಕೆಲಸ ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಗ್ರಂಥಾಲಯದ ಓದುವ ಕೋಣೆಯಲ್ಲಿ ಮೇಜುಗಳನ್ನು ದೂರದೂರ ಎಳೆದು ಹಾಕಿದ್ದರು. ಮುನ್ನೂರು ಜನರಿಗೆ ಮೂರು ಕೋಣೆ. ಅಪ್ಪನ ಲೆಕ್ಕ ಸರಿಯಾಗಿತ್ತು: ಅಕ್ಕನ ಮೇಜು, ನಡುವೆ ಓಡಾಡುವ ದಾರಿ, ಈಚೆಗೆ ನನ್ನ ಮೇಜು. ಅವಳು ಕತ್ತು ಸ್ವಲ್ಪ ತಿರುಗಿಸಿದರೆ ಸಾಕು, ನಾನು. ಕುರ್ಚಿ ನನಗೆ ಎತ್ತರವಾಗಿ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ.

ಹಾಳೆ ಹಂಚುತ್ತ ಬಂದ ಮೇಲ್ವಿಚಾರಕಿ, ಕನ್ನಡಕವನ್ನು ಸರಪಳಿಯಲ್ಲಿ ನೇತುಹಾಕಿಕೊಂಡ ದಪ್ಪನೆಯ ಹೆಂಗಸು, ನನ್ನ ಮುಂದೆ ನಿಂತಳು.

"ಏನಮ್ಮ ಪುಟ್ಟಿ, ಯಾರನ್ನ ಬಿಡೋಕೆ ಬಂದಿದ್ದೀಯ?"

"ನಾನೂ ಬರೀತೀನಿ" ಎಂದೆ.

"ಬರಿ, ಬರಿ. ಗೋಲದೊಳಗೆ ಕಣ್ಣು ಮೂಗು ಬಿಡಿಸಬೇಡ, ಆಯ್ತಾ? ಮಿಷಿನ್ನು ಹೆದರ್ಕೊಳುತ್ತೆ."

ಕೋಣೆಯೆಲ್ಲ ನಕ್ಕಿತು. ಮೀಸೆ ಬಂದವರು, ದೊಡ್ಡ ದೊಡ್ಡ ಹುಡುಗಿಯರು, ಎಲ್ಲರೂ ತಿರುಗಿ ನೋಡಿ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಕ್ಕನ ಕಡೆ ನೋಡಿದೆ, ಅವಳೂ ನಗುತ್ತಿದ್ದಳು. ಅದು ಪ್ರೀತಿಯ ನಗುವೇ. ಈಗ ಗೊತ್ತು. ಆಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಡಿ, ತೋರಿಸ್ತೀನಿ ಎಂದುಕೊಂಡೆ. ಯಾರಿಗೆ ತೋರಿಸಲು ಹೊರಟೆ ಎಂದು ನಾನು ಯೋಚಿಸಲಿಲ್ಲ.

ಮೊದಲ ಪ್ರಶ್ನೆ ಓದಿದೆ. ಅದು ನನಗೆ ಗೊತ್ತಿತ್ತು. ಎರಡನೆಯದೂ ಗೊತ್ತಿತ್ತು. ಹಳೆಯ ಪತ್ರಿಕೆಗಳಿಂದಲೇ ಆರಿಸಿ ಪೋಣಿಸಿದ್ದರು. ನಾನು ಪ್ಲಾಸ್ಟರ್ ಚೀಲಕ್ಕೆ ಒರಗಿ ಇಪ್ಪತ್ತು ಸಲ ಓದಿದ ಸಾಲುಗಳೇ. ಓದಿದ ಕೂಡಲೇ ಅಕ್ಕನ ದನಿ ಕಿವಿಯಲ್ಲಿ ಉತ್ತರ ಹೇಳುತ್ತಿತ್ತು, ಹಿಂದೆ ಮೋಟಾರಿನ ಸದ್ದೂ ಕೇಳುತ್ತಿತ್ತು. ನಾನು ಗೋಲ ಕಪ್ಪು ಮಾಡುತ್ತ ಹೋದೆ. ಮಜಾ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಗೊತ್ತಿಲ್ಲದ್ದು ಬಂದರೆ ಬಿಟ್ಟು ಮುಂದಿನದಕ್ಕೆ ಹಾರುತ್ತಿದ್ದೆ. ಮೂರು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಗಂಟೆ ಹೊಡೆದಾಗ ತಲೆಯೆತ್ತಿದೆ. ಮೇಲ್ವಿಚಾರಕಿ ನನ್ನ ಹಾಳೆ ಎತ್ತಿಕೊಂಡು, ಕನ್ನಡಕ ಏರಿಸಿ, ಒಮ್ಮೆ ಹಾಳೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಕ್ಕ ಆಗಲೇ ಎದ್ದು ನಿಂತಿದ್ದಳು. ಅವಳ ಮೇಜಿನ ಮೇಲೆ ರಬ್ಬರಿನ ಪುಡಿ ಬಿದ್ದಿತ್ತು. ಅವಳು ಅದನ್ನು ಅಂಗೈಯಿಂದ ಒಟ್ಟು ಮಾಡಿ, ಬೆಂಚಿನ ಮೇಲಿನ ಹಲ್ಲಿನ ಪುಡಿಯನ್ನು ಒಟ್ಟು ಮಾಡುವ ಹಾಗೆಯೇ, ಕಸದ ಬುಟ್ಟಿಗೆ ಹಾಕಿದಳು. ದಾರಿಯುದ್ದಕ್ಕೂ ನಾನೇ ಮಾತನಾಡಿದೆ. ಅವಳು ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು, ಹೂಂ ಹೂಂ ಎಂದಳು.

ಹತ್ತು ದಿನದ ಮೇಲೆ ಗ್ರಂಥಾಲಯದ ಮೆಟ್ಟಿಲ ಪಕ್ಕದ ಹಲಗೆಗೆ ಪಟ್ಟಿ ಅಂಟಿಸಿದರು. ನಾವಿಬ್ಬರೂ ಒಟ್ಟಿಗೇ ಹೋದೆವು. ಜನ ನುಗ್ಗುತ್ತಿದ್ದರು, ಅಕ್ಕ ಉದ್ದ, ಹಿಂದೆಯೇ ನಿಂತು ಓದಿದಳು. ನಾನು ಕೈಗಳ ಕೆಳಗೆ ನುಸುಳಿ ಮುಂದೆ ಹೋದೆ. ಕೆಳಗಿನಿಂದ ಮೇಲಕ್ಕೆ ನೂರ ಹದಿನೇಳನ್ನು ಹುಡುಕುತ್ತ ಬಂದೆ. ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು. ಇಪ್ಪತ್ತಾರನೆಯ ಸಾಲಿನಲ್ಲಿ ನೂರ ಹದಿನೆಂಟು ಇತ್ತು. ಅದರ ಮೇಲೂ ನೂರ ಹದಿನೇಳಿಲ್ಲ, ಕೆಳಗೂ ಇಲ್ಲ. ಮತ್ತೊಮ್ಮೆ ಮೇಲಿನಿಂದ ಹುಡುಕಿದೆ. ಯಾರೋ ಹಿಂದಿನಿಂದ "ಸಿಕ್ತಾ? ಸಿಕ್ಕಿದ್ರೆ ಜಾಗ ಬಿಡು" ಎಂದರು.

ಹೊರಗೆ ಬಂದಾಗ ಅಕ್ಕ ಬೀದಿಯ ಆಚೆ, ಚಪ್ಪಲಿ ರಿಪೇರಿ ಅಂಗಡಿಯ ನೆರಳಿನಲ್ಲಿ ನಿಂತಿದ್ದಳು. "ಇಪ್ಪತ್ತಾರು!" ಎಂದು ನನ್ನ ತಲೆ ನೇವರಿಸಿದಳು. "ಬಾಲ ಒಳಗೆ ಹೋಯ್ತು, ಆನೆ ಹೊರಗೇ ಉಳೀತು ನೋಡು." ಹಾಗೆಂದು ನಕ್ಕಳು. ಅವಳ ತುಟಿ ಹಲ್ಲಿಗೆ ಅಂಟಿಕೊಂಡಿತ್ತು.

ಅಪ್ಪ ಸುದ್ದಿ ಕೇಳಿ ಮೋಟಾರು ನಿಲ್ಲಿಸಿದರು. "ಎಲಾ ಇವಳ! ಕಡಲೆ ಇದ್ದವರಿಗೆ..." ಎಂದು ಶುರು ಮಾಡಿ, ಅಕ್ಕನ ಮುಖ ನೋಡಿ, ಗಾದೆಯನ್ನು ಅರ್ಧಕ್ಕೇ ನುಂಗಿಕೊಂಡರು. ಅಮ್ಮ ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನೇ. ಅಕ್ಕ ಒಂದು ತಾಸು ಕಳೆದು, ಪ್ಲಾಸ್ಟರ್ ಮುಗಿದಿದೆ ತರುತ್ತೇನೆ ಎಂದು ಹೊರಟಳು. ನಾನು ಚಪ್ಪಲಿ ಮೆಟ್ಟಿಕೊಂಡೆ. "ಬೇಡ, ನೀನಿರು" ಎಂದಳು. ಅವಳು ಒಬ್ಬಳೇ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಯಾರೂ ತಡೆಯಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ನಾನೂ ಒಬ್ಬಳೇ ಗ್ರಂಥಾಲಯಕ್ಕೆ ಹೋದೆ. ಮಹಡಿಯ ಆಫೀಸಿನಲ್ಲಿ ಗುಮಾಸ್ತರು ದಾರದಿಂದ ಕಾಗದದ ಕಟ್ಟು ಕಟ್ಟುತ್ತಿದ್ದರು.

"ನನ್ನ ಹೆಸರು ತೆಗೆದುಬಿಡಿ" ಎಂದೆ. "ನಾನು ಜೊತೆಗೆ ಅಂತ ಬಂದಿದ್ದು. ನನ್ನ ಜಾಗ ನಮ್ಮಕ್ಕನಿಗೆ ಕೊಡಿ. ನೂರ ಹದಿನೇಳು."

ಅವರು ದಾರವನ್ನು ಹಲ್ಲಿನಿಂದ ಕಡಿದು, ಗಂಟು ಹಾಕಿ, ಆಮೇಲೆ ನನ್ನನ್ನು ನೋಡಿದರು. "ಹೆಸರು ತೆಗೀಬಹುದು ಮಗು. ಆದ್ರೆ ಆ ಕುರ್ಚಿ ಖಾಲಿ ಇರುತ್ತೆ. ಬೇರೆಯವರಿಗೆ ಕೊಡಂಗಿಲ್ಲ."

"ಯಾಕೆ?"

"ಹಿಂದೆ ದೊಡ್ಡ ಮನುಷ್ಯರು ಬಂದು, ಪಾಪದವರ ಮಕ್ಕಳ ಕೈಲಿ ಹೆಸರು ಬಿಡಿಸಿ, ತಮ್ಮ ಮಕ್ಕಳನ್ನ ಕೂರಿಸ್ತಿದ್ರು. ಅದಕ್ಕೇ ಮೇಷ್ಟ್ರುಗಳು ಕೂತು ಈ ನಿಯಮ ಮಾಡಿದ್ದು. ಬಿಟ್ಟ ಕುರ್ಚಿ ಯಾರಿಗೂ ಇಲ್ಲ. ಒಳ್ಳೇದಕ್ಕೇ ಮಾಡಿದ್ದಮ್ಮ."

"ಅಕ್ಕ ಎಷ್ಟನೆಯವಳು ಬಂದಿದ್ದಾಳೆ?"

ಅವರು ಪುಸ್ತಕ ತೆಗೆಯಲಿಲ್ಲ, ನೋಡುವ ಅಗತ್ಯವೇ ಇಲ್ಲದ ಹಾಗೆ ಹೇಳಿದರು: "ನಲವತ್ತೊಂದು."

ನಾನು ಲೆಕ್ಕದಲ್ಲಿ ದಡ್ಡಿಯಲ್ಲ. ಆದರೂ ಆ ಲೆಕ್ಕ ತಲೆಗೆ ಹೋಗಲು ಸಮಯ ಹಿಡಿಯಿತು. ಪಟ್ಟಿಯಿಂದ ನನ್ನನ್ನು ಮೊದಲೇ ತೆಗೆದಿದ್ದರೆ, ನಾನು ಆ ದಿನ ಜ್ವರ ಬಂದು ಮಲಗಿದ್ದರೆ, ಅಮ್ಮ ಹೇಳಿದ ಹಾಗೆ ಸುಮ್ಮನೆ ಗೋಲ ತುಂಬಿಕೊಂಡು ಕೂತಿದ್ದರೆ, ಅಕ್ಕ ನಲವತ್ತನೆಯವಳು. ಅಳು ಬರಲಿಲ್ಲ.

"ನಿನ್ನೆ ಸಂಜೆ ನಿಮ್ಮಕ್ಕ ಬಂದು ಕೇಳ್ಕೊಂಡು ಹೋದ್ಲು" ಎಂದರು ಗುಮಾಸ್ತರು. "ಈ ನಿಯಮಾನೂ ಕೇಳಿದ್ಲು. 'ನನ್ನ ತಂಗಿ ಬಂದು ಹೆಸರು ತೆಗೀರಿ ಅಂತಾಳೆ, ತೆಗೀಬೇಡಿ. ಎರಡೂ ಹೋಗೋದು ಬೇಡ' ಅಂದ್ಲು. ನಾನು ಮಾತು ಕೊಟ್ಟಿದ್ದೀನಿ. ಮನೆಗೆ ಹೋಗು."

ಹೀಗೆ ನಾನು ತರಬೇತಿಗೆ ಸೇರಿದೆ. ಸಂಜೆ ನಾಲ್ಕರಿಂದ ಆರು. ಮೊದಲ ದಿನ ನನ್ನ ಜೊತೆಗೆ ಬಂದವಳು ಅಕ್ಕ. ಇನ್ಯಾರು ಬರಬೇಕು? ಅವಳು ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ಬೆಂಚಿನ ಹಿಂದಿನ ಗೋಡೆಯಲ್ಲಿ ಒಂದು ಕಿಟಕಿಯಿತ್ತು, ಒಳಗಿನ ಪಾಠ ಕೇಳುತ್ತಿತ್ತು. ಅವಳ ತೊಡೆಯ ಮೇಲೆ ಒಂದು ನೋಟ್‌ಬುಕ್ ಇದ್ದುದನ್ನು ನಾನು ನೋಡಿದೆ. ರಸ್ತೆಯ ಸದ್ದು ಹೆಚ್ಚೆಂದು ಮೇಷ್ಟ್ರು ಐದು ನಿಮಿಷದಲ್ಲಿ ಆ ಕಿಟಕಿ ಮುಚ್ಚಿದರು.

ಒಳಗೆ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ನನಗೆ ಉತ್ತರಗಳು ಗೊತ್ತಿದ್ದವೇ ಹೊರತು ಪ್ರಶ್ನೆಗಳು ಗೊತ್ತಿರಲಿಲ್ಲ. ಅಕ್ಕ ಹೇಳಿದ್ದನ್ನು ಗಿಣಿಯ ಹಾಗೆ ಕಲಿತವಳು ನಾನು. ಅವಳ ಬಾಯಿಂದ ಬಿದ್ದದ್ದನ್ನು ಆಯ್ದುಕೊಂಡು ಅವಳ ಕುರ್ಚಿಯಲ್ಲಿ ಕೂತಿದ್ದೆ. ಮೇಷ್ಟ್ರು ನನ್ನನ್ನು ಎಬ್ಬಿಸಿ ಏನೋ ಕೇಳಿದರು. ನಾನು ಮುಚ್ಚಿದ ಕಿಟಕಿಯನ್ನು ನೋಡುತ್ತ ನಿಂತೆ.

ತರಬೇತಿ ಸಿಗದಿದ್ದರೂ ಪ್ರವೇಶ ಪರೀಕ್ಷೆಗೆ ಯಾರು ಬೇಕಾದರೂ ಕೂರಬಹುದಿತ್ತು. ಚಳಿಗಾಲದಲ್ಲಿ ಅದರ ಅರ್ಜಿ ಬಂತು. ಅಷ್ಟರಲ್ಲಿ ಅಪ್ಪನ ಮನಸ್ಸೂ ಕರಗಿತ್ತು. "ಒಂದು ಸಲ ಬರೆದು ನೋಡ್ಲಿ, ನಾನೇನೂ ಅನ್ನಲ್ಲ" ಎಂದು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಕುಣಿಯುತ್ತ ಅರ್ಜಿ ತಂದು ಅಕ್ಕನ ಮುಂದೆ ಬೆಂಚಿನ ಮೇಲೆ ಇಟ್ಟೆ. ಅವಳು ನೀಲಿ ಕಾಗದ ಇಟ್ಟು ಒಂದು ಸೆಟ್ಟು ಕಚ್ಚಿಸುತ್ತಿದ್ದಳು.

"ಬೇಡ" ಎಂದಳು.

"ಅಪ್ಪ ಒಪ್ಪಿದ್ದಾರೆ ಕಣೇ."

"ನಂಗೆ ಒಬ್ಬಳೇ ಕೂತು ಬರೆಯೋಕೆ ಆಗಲ್ಲ."

"ನಾನು ಬರ್ತೀನಿ. ಅರ್ಜಿ ಹಾಕೋಕಾಗಲ್ಲ, ಆದ್ರೆ ಬಾಗಿಲ ಹತ್ರ ನಿಂತಿರ್ತೀನಿ."

ಅವಳು ಅರದಿಂದ ನೀಲಿ ಚುಕ್ಕೆಯನ್ನು ಉಜ್ಜಿದಳು. ನನಗೆ ತಡೆಯಲಾಗಲಿಲ್ಲ. ಐದು ತಿಂಗಳಿಂದ ಬಿಸಿ ತುಪ್ಪದ ಹಾಗೆ ಗಂಟಲಲ್ಲಿ ಇದ್ದದ್ದನ್ನು ಹೊರಗೆ ಹಾಕಿದೆ. "ನನ್ನ ಬೈಯೇ. ನಾನು ನಿನ್ನ ಜಾಗ ತಗೊಂಡೆ ಅಂತ ಒಂದು ಸಲ ಬೈದುಬಿಡು. ಹೊಡಿ ಬೇಕಾದ್ರೆ."

ಅಕ್ಕ ಅರ ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಪಟ್ಟಿಗೆ ನನಗೆ ಬೇಜಾರಿಲ್ಲ. ನೀನು ಚೆನ್ನಾಗಿ ಬರೆದೆ, ಬಂತು. ಅದು ನಂಗೆ ಖುಷೀನೇ." ನೀಲಿ ಕಾಗದವನ್ನು ಮಡಿಸಿಟ್ಟಳು. "ನಾನು ಮೂರು ಸಲ ತಿರುಗಿ ನೋಡಿದೆ ಬಾಲ. ಮೊದಲನೇ ಸಲ ನೋಡಿದಾಗ ನೀನು ತಲೆ ಬಗ್ಗಿಸಿದ್ದೆ. ಬರೀತಿರಬೇಕು ಅಂದ್ಕೊಂಡೆ. ಎರಡನೇ ಸಲ ಸ್ವಲ್ಪ ಕೆಮ್ಮಿದೆ. ಮೂರನೇ ಸಲ ತುಂಬಾ ಹೊತ್ತು ನೋಡ್ತಾ ಇದ್ದೆ, ಆ ಮೇಡಂ ಬಂದು 'ಏನಮ್ಮ, ಅವಳ ಹಾಳೆ ನೋಡ್ತೀಯ? ಅವಳು ಮಗು' ಅಂದ್ರು. ಎಲ್ಲರೂ ನಕ್ಕರು. ನೀನು ಆಗಲೂ ತಲೆ ಎತ್ತಲಿಲ್ಲ. ಆಮೇಲೆ ನಾನು ಎಲ್ಲಾ ಅಳಿಸ್ತಾ ಹೋದೆ."

ಕೋಣೆ ಎರಡನೆಯ ಸಲ ನಕ್ಕದ್ದು ನನಗೆ ಕೇಳಿಸಿಯೇ ಇರಲಿಲ್ಲ. ನಾನು ಅಷ್ಟು ಚೆನ್ನಾಗಿ ಬರೆಯುತ್ತಿದ್ದೆ.

ಅರ್ಜಿಯ ಮೇಲೆ ಪ್ಲಾಸ್ಟರ್ ಪುಡಿ ಬಿದ್ದು, ವಾರ ಕಳೆದು, ಕೊನೆಯ ದಿನ ಬಂದು ಹೋಯಿತು.

ನಾಲ್ಕು ವರ್ಷದ ಮೇಲೆ ನಾನು ನಿಜವಾದ ಪರೀಕ್ಷೆ ಬರೆದೆ. ಯಾರೂ ಜೊತೆಗೆ ಬರಲಿಲ್ಲ. ಬರುತ್ತೇವೆಂದವರನ್ನು ನಾನೇ ಬೇಡವೆಂದೆ. ಹಲ್ಲಿನ ಕಾಲೇಜು ಸೇರಿದೆ. ಅಕ್ಕನ ಆಸೆಯನ್ನು ಪೂರೈಸುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡೆ, ನಾನೂ ನಂಬಿದೆ. ಈಗ ಯೋಚಿಸಿದರೆ, ಅರ್ಧ ಕದ್ದವಳು ಪೂರ್ತಿ ಕದ್ದೆ ಅನ್ನಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ಬೆಂಚು ಅಕ್ಕನದು. ನನ್ನ ದವಾಖಾನೆ ಅಲ್ಲಿಂದ ಬಸ್ಸಿನಲ್ಲಿ ಎರಡು ತಾಸು. ನನ್ನ ಸೆಟ್ಟುಗಳನ್ನೆಲ್ಲ ಅವಳೇ ಮಾಡುವುದು. ರಟ್ಟಿನ ಡಬ್ಬಿಯಲ್ಲಿ ಅಚ್ಚು ಕಳಿಸುತ್ತೇನೆ, ಜೊತೆಗೆ ಚೀಟಿ. ಮೊದಲ ವರ್ಷ ಆ ಚೀಟಿಯ ಕೆಳಗೆ ಮುಖಗಳನ್ನು ಬರೆಯುತ್ತಿದ್ದೆ. "ಗಂಡಸು, ಎಪ್ಪತ್ತು. ಹುಬ್ಬು ಗುಂಗುರು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ." ಸೆಟ್ಟು ಹಾಕಿದ ದಿನ ಅವರು ಕನ್ನಡಿಯಲ್ಲಿ ಹೇಗೆ ನಕ್ಕರು ಎಂದು ಮುಂದಿನ ಡಬ್ಬಿಯಲ್ಲಿ ಬರೆಯುತ್ತಿದ್ದೆ. ಒಬ್ಬ ಅಜ್ಜಿ ನಗುವ ಬದಲು ಅತ್ತದ್ದನ್ನು ಎರಡು ಪುಟ ಬರೆದೆ. ಅಕ್ಕನ ಕೆಲಸ ಮೊದಲಿನ ಹಾಗೇ ಅಚ್ಚುಕಟ್ಟಾಗಿ ಬರುತ್ತಿತ್ತು; ಮುಖಗಳ ಬಗ್ಗೆ ಒಂದು ಮಾತೂ ಇರುತ್ತಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಒಂದು ಡಬ್ಬಿಯಲ್ಲಿ ಸೆಟ್ಟಿನ ಕೆಳಗೆ ಅವಳ ಚೀಟಿ ಇತ್ತು. ಉತ್ತರ ಬಂತಲ್ಲ ಎಂದು ರೋಗಿಯನ್ನು ಕುರ್ಚಿಯಲ್ಲೇ ಬಿಟ್ಟು ಬಿಡಿಸಿ ಓದಿದೆ.

"ಅದನ್ನೆಲ್ಲ ಬರೀಬೇಡ. ಶೇಡ್ ನಂಬರ್ ಇದ್ರೆ ಸಾಕು."

ಅಂದಿನಿಂದ ಶೇಡ್ ನಂಬರ್ ಮಾತ್ರ ಬರೆಯುತ್ತೇನೆ.